ಕಿವಿಗೆ ಮರಳುವ ಷಟ್ಪದಿ: ಗಡಿನಾಡಿನ ತರಗತಿಯಲ್ಲಿ ಕುಮಾರವ್ಯಾಸ

ಹಳೆಯ ಕಾವ್ಯ ಇಂದಿನ ವಿದ್ಯಾರ್ಥಿಗಳಿಗೆ ರುಚಿಸುವುದಿಲ್ಲವೆಂಬ ದೂರು ಕನ್ನಡ ಅಧ್ಯಾಪನ ವಲಯದಲ್ಲಿ ಬಹುಕಾಲದ್ದು. ಅದಕ್ಕೆ ಪರಿಹಾರವಾಗಿ ಈಚೆಗೆ ಧ್ವನಿಮುದ್ರಣ, ಹಾಸ್ಯ ಮತ್ತು ಅಂತರಜಾಲದ ಪಠ್ಯಗಳನ್ನು ಸೂಚಿಸಲಾಗುತ್ತಿದೆ. ಇವನ್ನು ಕಹಿ ಮದ್ದಿಗೆ ಸವರುವ ಜೇನಿನಂತೆ ಕಾಣುವ ರೂಢಿಯೂ ಬೆಳೆದಿದೆ: ಕಾವ್ಯ ಕಷ್ಟದ ವಸ್ತು, ಹಾಡು ಮತ್ತು ನಗೆ ಅದರತ್ತ ಸೆಳೆಯುವ ಆಮಿಷ. ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ಯ ಮಟ್ಟಿಗಾದರೂ ಈ ಗ್ರಹಿಕೆಯನ್ನು ಒಪ್ಪಲಾಗದು. ಅಲ್ಲಿ ನಾದವೂ ನಗೆಯೂ ಕಾವ್ಯದ ಅಂಗಗಳೇ. ಅವನ್ನು ಕಳೆದು, ಅಚ್ಚಿನ ಪುಟದಲ್ಲಿ ಉಳಿದದ್ದನ್ನೇ ಕಾವ್ಯವೆಂದು ಕಲಿಸಿದ್ದರಿಂದ ಅದು ಕಷ್ಟವಾಯಿತು. ಹೀಗಾಗಿ ಪ್ರತಿಯೊಂದು ಸಾಧನದ ಬಗೆಗೂ ಕೇಳಬೇಕಾದ ಪ್ರಶ್ನೆ ಒಂದೇ: ಅದು ಪದ್ಯದ ಒಳಗಿನಿಂದ ಹುಟ್ಟಿದೆಯೆ, ಹೊರಗಿನಿಂದ ಅಂಟಿಸಿದ್ದೆ?

ಗಡಿನಾಡಿನಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತುರ್ತಿದೆ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗೆ ಬರುವ ಮಗುವಿನ ಮನೆಮಾತು ತುಳುವಾಗಿರಬಹುದು, ಹವ್ಯಕ ಕನ್ನಡವೋ ಕೊಂಕಣಿಯೋ ಮರಾಠಿಯೋ ಆಗಿರಬಹುದು. ಪೇಟೆಯ ಮಾತು ಮಲಯಾಳ. ಅಂಥ ಮಗುವಿಗೆ ಕನ್ನಡವು ಶಾಲೆಯಲ್ಲಿ ಗಳಿಸಿಕೊಳ್ಳುವ ಭಾಷೆ. ಆಡಳಿತ, ವ್ಯಾಪಾರ, ಉದ್ಯೋಗಗಳಲ್ಲಿ ಕನ್ನಡದ ಬಳಕೆ ಕುಗ್ಗಿದಂತೆ ವಿದ್ಯಾರ್ಥಿಯ ಕನ್ನಡವೂ ಪರೀಕ್ಷೆಗೆ ಬೇಕಾದಷ್ಟಕ್ಕೆ ಕುಗ್ಗುತ್ತದೆ. ಅದನ್ನು ಮತ್ತೆ ಹಿಗ್ಗಿಸಬಲ್ಲ ಶಕ್ತಿ ಇರುವುದು ಹಳೆಯ ಕಾವ್ಯಕ್ಕೆ. ಆ ಕಾವ್ಯವೇ ಗದ್ಯಾನುವಾದ ಮತ್ತು ಸಾರಾಂಶಗಳಾಗಿ ಇಳಿದುಬಿಟ್ಟರೆ ಕಳೆದುಹೋಗುವುದು ಒಂದು ಪಾಠವಷ್ಟೇ ಆಗಿರದೆ ಭಾಷೆಯ ವಿಸ್ತಾರವೇ ಆಗಿರುತ್ತದೆ.

ಭಾಮಿನಿ ಷಟ್ಪದಿಯ ರಚನೆಯನ್ನು ನೋಡಿದರೆ ಪುಟದ ಮಿತಿ ಗೋಚರಿಸುತ್ತದೆ. ಒಂದು, ಎರಡು, ನಾಲ್ಕು ಮತ್ತು ಐದನೆಯ ಪಾದಗಳಲ್ಲಿ ಮೂರು–ನಾಲ್ಕು, ಮೂರು–ನಾಲ್ಕು ಎಂಬ ನಡೆಯಲ್ಲಿ 14 ಮಾತ್ರೆಗಳು. ಮೂರು ಮತ್ತು ಆರನೆಯ ಪಾದಗಳಲ್ಲಿ ಅದೇ ನಡೆ ಮೂರು ಬಾರಿ ಬಂದು, ಕೊನೆಗೊಂದು ಗುರು ಸೇರಿ 23 ಮಾತ್ರೆಗಳು. ಕುಮಾರವ್ಯಾಸನಲ್ಲಿ ಪದವು ಪಾದದ ಅಂಚಿನಲ್ಲಿ ನಿಲ್ಲದೆ ಮುಂದಿನ ಪಾದಕ್ಕೆ ಹರಿಯುವುದು ಸಾಮಾನ್ಯ. ಅಚ್ಚಿನಲ್ಲಿ ಓದುವ ವಿದ್ಯಾರ್ಥಿ ಸಾಲು ಮುಗಿದಲ್ಲಿ ನಿಲ್ಲುತ್ತಾನೆ. ಪದ ಎರಡು ತುಂಡಾಗುತ್ತದೆ, ಅರ್ಥ ಕೈತಪ್ಪುತ್ತದೆ. ಪದಕೋಶ ಎಷ್ಟಿದ್ದರೂ ಈ ತೊಡಕು ಬಿಡಿಸದು. ಆದಿಪ್ರಾಸದ ಸ್ಥಿತಿಯೂ ಹೀಗೆಯೇ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ತೊರೆದದ್ದು ಹೊಸಗನ್ನಡ ಕಾವ್ಯದ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆಯೆಂದು ಪಠ್ಯಗಳು ಹೇಳುತ್ತವೆ. ಪ್ರಾಸ ಕಿವಿಗೆ ಬೀಳುವ ಬಗೆಯನ್ನೇ ಅರಿಯದ ವಿದ್ಯಾರ್ಥಿಗೆ ಅದನ್ನು ಬಿಟ್ಟುದರ ದಿಟ್ಟತನ ಹೇಗೆ ತಿಳಿದೀತು?

ಗಮಕ ಕಲೆ ಈ ತೊಡಕಿಗೆ ಕಂಡುಕೊಂಡ ಉತ್ತರ ಹಳೆಯದಾದರೂ ಸಮರ್ಥವಾದುದು. ಗಮಕಿ ತಾಳಕ್ಕೆ ಕಟ್ಟುಬೀಳುವುದಿಲ್ಲ. ರಾಗವನ್ನು ಭಾವಕ್ಕೂ ಉಸಿರನ್ನು ಅನ್ವಯಕ್ಕೂ ಒಪ್ಪಿಸುತ್ತಾನೆ. ಪದ ಪಾದವನ್ನು ದಾಟುವಲ್ಲಿ ಅವನ ದನಿಯೂ ದಾಟುತ್ತದೆ. ವ್ಯಾಖ್ಯಾನಕಾರ ಅರ್ಥ ಬಿಡಿಸುವ ಮುನ್ನವೇ ಪದಚ್ಛೇದ ಕಿವಿಗೆ ಮುಟ್ಟಿರುತ್ತದೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ದೊರೆತಾಗ ಈ ಕಲೆ ಒಮ್ಮೆ ಸುದ್ದಿಯಾಯಿತು. ತರಗತಿಯಲ್ಲಿ ಅದಕ್ಕೆ ಇನ್ನೂ ಸಿಗಬೇಕಾದುದು ವಾರ್ಷಿಕೋತ್ಸವದ ವೇದಿಕೆಗಿಂತ ಹೆಚ್ಚಿನ ಸ್ಥಾನ. ಹಳೆಯ ಪದ್ಯಗಳನ್ನು ಸಮತಾಳಕ್ಕೆ ಕೂಡಿಸಿ, ವಾದ್ಯ ತುಂಬಿಸಿ ಹಾಡುವ ಸುಗಮ ಸಂಗೀತದ ಧ್ವನಿಮುದ್ರಣಗಳು ಈ ಕೆಲಸ ಮಾಡಲಾರವು. ಅವು ಇಂಪಾಗಿರಬಹುದು, ಆದರೆ ಮೂರು–ನಾಲ್ಕರ ನಡೆಯನ್ನು ತಾಳ ನುಂಗಿದಾಗ ವಿದ್ಯಾರ್ಥಿಯ ನೆನಪಿನಲ್ಲಿ ಉಳಿಯುವುದು ಧಾಟಿ ಮಾತ್ರ.

ಕಾಸರಗೋಡಿನ ವಿದ್ಯಾರ್ಥಿಗೆ ಇನ್ನೊಂದು ಅನುಕೂಲವಿದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಭಾಗವತರ ಕಂಠದಿಂದ ಭಾಮಿನಿಯನ್ನೂ ವಾರ್ಧಕವನ್ನೂ ಕೇಳದೆ ಬೆಳೆದವರು ಕಡಿಮೆ. ಛಂದಸ್ಸಿನ ಹೆಸರು ಗೊತ್ತಿಲ್ಲದಿದ್ದರೂ ಅದರ ನಡೆ ಅವರಿಗೆ ಪರಿಚಿತ. ತರಗತಿ ಈ ಪರಿಚಯದಿಂದ ತೊಡಗುವುದೇ ಸಹಜ. ಆದರೆ ತಾಳಮದ್ದಳೆಯಲ್ಲಿ ಪದ್ಯ ಬೇರೆ, ಅರ್ಥ ಬೇರೆ ಎಂಬುದನ್ನು ಮರೆಯಲಾಗದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಬೆಳೆಸಿದ ಅರ್ಥಗಾರಿಕೆ ಸ್ವತಂತ್ರ ಸೃಷ್ಟಿ. ಅದನ್ನು ಕುಮಾರವ್ಯಾಸನ ವ್ಯಾಖ್ಯಾನವೆಂದು ಬಳಸಿದರೆ ಎರಡಕ್ಕೂ ಅನ್ಯಾಯ. ಅಂತರಜಾಲದಲ್ಲಿ ಹರಿದಾಡುವ ಹಾಸ್ಯಗಾರರ ತುಣುಕುಗಳಲ್ಲಿ ನಗೆ ಹುಟ್ಟುವುದು ಬಹುಮಟ್ಟಿಗೆ ಇಂದಿನ ಮಾತಿನಿಂದ. ಆ ನಗೆ ವಿದ್ಯಾರ್ಥಿಯನ್ನು ಪದ್ಯದವರೆಗೆ ಕರೆತರದೆ ಬಾಗಿಲಲ್ಲೇ ಕೂರಿಸುತ್ತದೆ.

ಪದ್ಯದ ಒಳಗಿನ ನಗೆಗೆ ವಿರಾಟಪರ್ವದ ಉತ್ತರನ ಪ್ರಸಂಗಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯಾಗಿ ಅದು ಜನರ ಬಾಯಲ್ಲಿದೆ. ಹೆಂಗಸರ ನಡುವೆ ಕುಳಿತು ಕೌರವರನ್ನು ಸವರಿಹಾಕುವ ರಾಜಕುಮಾರನಿಗೆ ಕೊರತೆ ಸಾರಥಿಯೊಬ್ಬನದು ಮಾತ್ರ. ಸಾರಥಿ ಸಿಕ್ಕಿ, ಸೇನೆ ಕಣ್ಣಿಗೆ ಬಿದ್ದೊಡನೆ ಅವನು ರಥದಿಂದ ಧುಮುಕಿ ಓಡುತ್ತಾನೆ. ಇಲ್ಲಿ ನಗೆ ಕಥೆಯಲ್ಲಿರುವಷ್ಟೇ ಉಸಿರಿನಲ್ಲೂ ಇದೆ. ಬಡಾಯಿಗೆ ಮೂರನೆಯ ಪಾದದ ಉದ್ದ ಬೇಕು. ಭಯಕ್ಕೆ ಗಿಡ್ಡ ಪಾದದ ತುಂಡು ಮಾತು ಒಪ್ಪುತ್ತದೆ. ಗಟ್ಟಿಯಾಗಿ ಓದಿದಾಗಲೇ ಈ ಏರಿಳಿತ ತಿಳಿಯುವುದು. ಪ್ರಸಂಗ ನಗೆಯಲ್ಲಿ ನಿಲ್ಲುವುದೂ ಇಲ್ಲ. ಮಗನ ಬಡಾಯಿ ತಂದೆಗೆ ದಾಟುತ್ತದೆ. ಗೆಲುವು ಬೃಹನ್ನಳೆಯದೆಂದ ಕಂಕನ ಮುಖಕ್ಕೆ ವಿರಾಟ ಎಸೆದ ಪಗಡೆಯ ದಾಳ ಬಡಿದು ಧರ್ಮರಾಯನ ರಕ್ತ ಸುರಿಯುತ್ತದೆ. ನಗುತ್ತಿದ್ದ ವಿದ್ಯಾರ್ಥಿ ಸುಮ್ಮನಾಗುವ ಆ ಕ್ಷಣ ಕಾವ್ಯಶಿಕ್ಷಣದ ನಿಜವಾದ ಫಲ. ನಗೆಯನ್ನು ಆಮಿಷವಾಗಿ ಬಳಸಿದ ಪಾಠ ಅಲ್ಲಿಗೆ ತಲಪುವ ಮೊದಲೇ ಮುಗಿದಿರುತ್ತದೆ.

ದ್ವಿಭಾಷಿಕತೆ ಇಲ್ಲಿ ಬಂಡವಾಳವಾಗುತ್ತದೆ. 18ನೆಯ ಶತಮಾನದ ಕುಂಚನ್ ನಂಬಿಯಾರರ ‘ಕಲ್ಯಾಣಸೌಗಂಧಿಕಂ’ ತುಳ್ಳಲ್‌ನಲ್ಲಿ ಭೀಮ ಮುದಿ ಹನುಮಂತನೆದುರು ಬೆಪ್ಪಾಗುವ ಕಥೆಯೇ ಕುಮಾರವ್ಯಾಸನ ಅರಣ್ಯಪರ್ವದಲ್ಲೂ ಇದೆ. ತುಳ್ಳಲ್‌ಗಳಲ್ಲಿ ಬಳಕೆಯಾಗುವ ತರಂಗಿಣಿ ವೃತ್ತದಲ್ಲಿ ಎರಡು ಮಾತ್ರೆಯ ಎಂಟು ಗಣಗಳು, ನಡುವೆ ಯತಿ. ಒಟ್ಟು 16 ಮಾತ್ರೆ. ಕೈತಟ್ಟಿ ಈ ಸಮನಡೆಯನ್ನೂ ಭಾಮಿನಿಯ ಮಿಶ್ರನಡೆಯನ್ನೂ ಒಂದರ ಬಳಿಕ ಒಂದು ಕೇಳಿಸಿದರೆ, ಒಂದೇ ಕಥೆಗೆ ಎರಡು ಭಾಷೆಗಳು ಎರಡು ಹೆಜ್ಜೆ ಹಾಕುವುದನ್ನು ವಿದ್ಯಾರ್ಥಿ ತಾನೇ ಗುರುತಿಸಬಲ್ಲ. ರಾಯದುರ್ಗ, ಮಡಕಶಿರಾಗಳ ಕನ್ನಡ ವಿದ್ಯಾರ್ಥಿಗೆ ಇದೇ ಬಗೆಯಲ್ಲಿ ತಿಕ್ಕನನ ವಿರಾಟಪರ್ವ ಒದಗುತ್ತದೆ. ಕರ್ನಾಟಕದೊಳಗಿನ ಏಕಭಾಷಿಕ ತರಗತಿಗೆ ಇಂಥ ಹೋಲಿಕೆ ಸುಲಭಲಭ್ಯವಲ್ಲ.

ಅಂತರಜಾಲದ ಪಠ್ಯಗಳ ಗುಣದೋಷಗಳನ್ನು ಬೇರ್ಪಡಿಸಿ ನೋಡಬೇಕು. ವಚನ ಸಂಚಯವು 20,000ಕ್ಕೂ ಹೆಚ್ಚು ವಚನಗಳನ್ನು ಪದವಾರು ಹುಡುಕುವಂತೆ ಒದಗಿಸಿದೆ. ಸೊಲ್ಲಾಪುರದ ವಿದ್ಯಾರ್ಥಿ ತನ್ನೂರಿನ ಸಿದ್ಧರಾಮನ ಒಂದು ಪದವನ್ನು ಹಿಡಿದು, ಅದು ಬೇರೆ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆಯೆಂದು ನೋಡಬಹುದು. ಷಟ್ಪದಿಗೆ ಈ ಅನುಕೂಲ ಅಷ್ಟಾಗಿ ದಕ್ಕದು. ಕನ್ನಡ ವಿಕಿಸೋರ್ಸ್‌ನಲ್ಲಿ ಕುಮಾರವ್ಯಾಸ ಭಾರತದ ಪಠ್ಯ ದೊರೆಯುತ್ತದೆ. ಆದರೆ ‘ನೋಡಿದನು ಅರಸ’ ಎಂಬುದು ‘ನೋಡಿದನರಸ’ ಎಂದಾದೊಡನೆ ‘ಅರಸ’ ಎಂದು ಹುಡುಕುವವನಿಗೆ ಆ ಪದ ಕಾಣಿಸುವುದಿಲ್ಲ. ಸಂಧಿಯೂ ಪಾದ ದಾಟುವ ಪದವೂ ಯಂತ್ರಕ್ಕೆ ಅಡ್ಡ ನಿಲ್ಲುತ್ತವೆ. ಪುಟದ ಮಿತಿಯೇ ಪರದೆಗೂ ಬಂದಿದೆ ಎಂದರ್ಥ.

ಆದ್ದರಿಂದ ಈ ಮೂರು ಸಾಧನಗಳ ಆಯ್ಕೆಯಷ್ಟೇ ಅವುಗಳ ಕ್ರಮವೂ ಮುಖ್ಯ. ಮೊದಲು ಪಠ್ಯ ಕೈಯಲ್ಲಿಲ್ಲದೆ ಗಮಕ ವಾಚನವನ್ನು ಕೇಳುವುದು. ಬಳಿಕ ನಗೆಯೋ ಅಳುಕೋ ಹುಟ್ಟಿದ ತಾಣವನ್ನು ಗುರುತಿಸುವುದು. ಆಮೇಲೆ ಪಠ್ಯ ತೆರೆದು, ಕಿವಿ ಹಿಡಿದ ಪದಚ್ಛೇದವನ್ನು ಪುಟದ ಮೇಲೆ ತಾನೇ ಗೆರೆ ಹಾಕಿ ತೋರಿಸುವುದು. ವ್ಯಾಖ್ಯಾನಕ್ಕೆ ಕೊನೆಯ ಸರದಿ. ಈ ಕ್ರಮದಲ್ಲಿ ವಿದ್ಯಾರ್ಥಿ ಬರಿಯ ಕೇಳುಗನಾಗಿ ಉಳಿಯದೆ, ಪಠ್ಯದೊಡನೆ ವಾದ ಹೂಡಬಲ್ಲ ಓದುಗನಾಗುತ್ತಾನೆ. ಗಡಿನಾಡಿನ ಸಂಶೋಧನ ಕೇಂದ್ರಗಳು ಕೈಗೊಳ್ಳಬಹುದಾದ ಕೆಲಸವೂ ಇದರಿಂದ ಸ್ಪಷ್ಟ: ವಿರಾಟಪರ್ವದಂಥ ಒಂದು ಭಾಗವನ್ನು ಆರಿಸಿ, ಗಮಕ ವಾಚನಕ್ಕೆ ಹೊಂದಿಸಿ ಪದ ಬಿಡಿಸಿದ ಪಠ್ಯವನ್ನು ಮೂಲ ಪಠ್ಯದ ಜತೆಗೇ ಇಟ್ಟು, ಮಲಯಾಳ, ತಮಿಳು, ಮರಾಠಿ, ತೆಲುಗುಗಳಲ್ಲಿ ಕಿರುಟಿಪ್ಪಣಿ ಸೇರಿಸುವುದು. ಮೂಲಕೃತಿಗೆ ಕೃತಿಸ್ವಾಮ್ಯದ ಅಡ್ಡಿಯಿಲ್ಲ. ಕಂಠಗಳೂ ಇನ್ನೂ ಇವೆ. ಅವು ಇರುವಾಗಲೇ ಈ ಕೆಲಸಕ್ಕೆ ಕೈಹಾಕಬೇಕು.