ಸಿಎ 19-9: ಸೂಚಕವೇ ತೀರ್ಪಲ್ಲ

ಸ್ವಲ್ಪ ರಕ್ತ ಕೊಟ್ಟರೆ ಸಾಕು, ದೇಹದಲ್ಲಿ ಕ್ಯಾನ್ಸರ್ ಎಲ್ಲಿ ಅಡಗಿದ್ದರೂ ತಿಳಿಯುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ‘ಪೂರ್ಣ ದೇಹ ತಪಾಸಣೆ’ ಎಂದು ಮಾರುವ ಕೆಲವು ಪ್ಯಾಕೇಜುಗಳಲ್ಲಿ ಸಕ್ಕರೆ, ಕೊಬ್ಬು, ಥೈರಾಯ್ಡ್ ಪರೀಕ್ಷೆಗಳ ಜೊತೆಗೆ ‘ಕ್ಯಾನ್ಸರ್ ಪರೀಕ್ಷೆ’ ಎಂಬ ಸಾಲೂ ಸೇರಿರುತ್ತದೆ. ಅದರಡಿ ಬರುವ ಗಂತಿಸೂಚಕಗಳಲ್ಲಿ ಸಿಎ 19-9 ಒಂದು. ಈ ಪರೀಕ್ಷೆ ಕೆಟ್ಟದ್ದೇನಲ್ಲ. ಅದನ್ನು ಬಳಸುವ ಮತ್ತು ಅದರ ವರದಿಯನ್ನು ಓದುವ ಕ್ರಮ ವಿಮರ್ಶೆಗೆ ಅರ್ಹವಾಗಿದೆ.

1979ರಲ್ಲಿ ಅಮೆರಿಕದ ಫಿಲಡೆಲ್ಫಿಯದ ವಿಸ್ಟಾರ್ ಸಂಸ್ಥೆಯಲ್ಲಿ ಹಿಲರಿ ಕೊಪ್ರೊವ್‌ಸ್ಕಿ ಮತ್ತು ಸಂಗಡಿಗರು ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳನ್ನು ಸುಂಡಿಲಿಗಳಿಗೆ ಚುಚ್ಚಿ ಪಡೆದ ಪ್ರತಿಕಾಯಗಳನ್ನು ವರದಿ ಮಾಡಿದರು. ಆ ಬಗೆಯ ಒಂದು ಪ್ರತಿಕಾಯ ಗುರುತಿಸುವ ಸಕ್ಕರೆಯ ಸರಪಳಿಯೇ ಸಿಎ 19-9. ರಕ್ತದಲ್ಲಿ ಇದರ ಸಾಮಾನ್ಯ ಮಿತಿ ಮಿಲಿಲೀಟರಿಗೆ 37 ಯೂನಿಟ್. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಚಿಕಿತ್ಸೆಗೆ ಮಣಿಯುತ್ತಿದೆಯೇ, ಮರುಕಳಿಸಿದೆಯೇ ಎಂದು ನೋಡಲು ಇದು ಉಪಯುಕ್ತ. ಆದರೆ ಇದು ಕ್ಯಾನ್ಸರ್ ಕೋಶಗಳ ಸ್ವಂತ ಸೊತ್ತಲ್ಲ. ಪಿತ್ತನಾಳದ ಮತ್ತು ಮೂತ್ರಮಾರ್ಗದ ಒಳಪದರದ ಆರೋಗ್ಯವಂತ ಕೋಶಗಳೂ ಇದನ್ನು ಸ್ರವಿಸುತ್ತವೆ.

ಮೂತ್ರಪಿಂಡದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಹರಳು ಸಿಕ್ಕಿಕೊಂಡೋ, ನಾಳ ಹುಟ್ಟಿನಿಂದಲೇ ಕಿರಿದಾಗಿದ್ದೋ ಮೂತ್ರ ಕೆಳಗಿಳಿಯದಿದ್ದರೆ ಮೂತ್ರಪಿಂಡ ಊದಿಕೊಳ್ಳುತ್ತದೆ. ಇದಕ್ಕೆ ಹೈಡ್ರೊನೆಫ್ರೋಸಿಸ್ ಎಂದು ಹೆಸರು. ತೂಬು ಕಟ್ಟಿದ ಕೆರೆಯ ನೀರು ಏರಿಯಲ್ಲಿ ಜಿನುಗುವಂತೆ, ಮೂತ್ರದೊಡನೆ ಹೊರಹೋಗಬೇಕಿದ್ದ ಸಿಎ 19-9 ಒತ್ತಡ ಹೆಚ್ಚಿದಾಗ ರಕ್ತಕ್ಕೆ ಸೇರುತ್ತದೆ ಎಂಬುದು ತಜ್ಞರು ಕೊಡುವ ವಿವರಣೆ. ಕ್ಯಾನ್ಸರ್ ಇಲ್ಲದ ಇಂಥ ರೋಗಿಗಳಲ್ಲಿ ಅಂಕಿ ಸಾವಿರ ದಾಟಿದ ವರದಿಗಳಿವೆ. ತಡೆ ನಿವಾರಿಸಿದ ಮೇಲೆ, ಅಥವಾ ಕೆಲಸ ನಿಲ್ಲಿಸಿದ ಮೂತ್ರಪಿಂಡವನ್ನು ತೆಗೆದ ಮೇಲೆ ಅದು ಇಳಿದದ್ದೂ ದಾಖಲಾಗಿದೆ. ಪಿತ್ತನಾಳ ಕಟ್ಟಿ ಕಾಮಾಲೆಯಾದಾಗಲೂ ಇದೇ ಬಗೆಯ ಏರಿಕೆ ಕಾಣುತ್ತದೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಓದುಗರಿಗೆ ಇದು ದೂರದ ಮಾತಲ್ಲ. ಬಿಸಿಲಲ್ಲಿ ಮೆಣಸಿನಕಾಯಿ ಬಿಡಿಸುವ, ಒಣಗಿಸುವ, ಗೋವಿನಜೋಳ ಒಕ್ಕುವ ದುಡಿಮೆಯಲ್ಲಿ ಬೆವರು ಹೆಚ್ಚು, ಕುಡಿಯುವ ನೀರು ಕಡಿಮೆ. ಮೂತ್ರ ಗಟ್ಟಿಯಾದಷ್ಟೂ ಹರಳಿನ ಸಂಭವ ಹೆಚ್ಚು. ಹೀಗೆ ಮೂತ್ರಪಿಂಡ ಊದಿಕೊಂಡವರ ಕೈಗೆ ‘ಸಿಎ 19-9: 400’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ ವರದಿ ಬಂದರೆ ಮನೆಯವರು ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ಎಂದು ಅಲೆಯುತ್ತಾರೆ. ಹಣ ಕರಗುವುದು ಒಂದು ನಷ್ಟ. ಮೇದೋಜೀರಕದಲ್ಲಿ ಇಲ್ಲದ ಗಂತಿಯನ್ನು ಹುಡುಕುತ್ತಿರುವಾಗ ಇತ್ತ ಮೂತ್ರಪಿಂಡ ಹಾಳಾಗುವುದು ಇನ್ನೂ ದೊಡ್ಡ ನಷ್ಟ. ನಾಳ ಪೂರ್ತಿ ಕಟ್ಟಿದ್ದರೆ ಕೆಲವೇ ವಾರಗಳಲ್ಲಿ ಶಾಶ್ವತ ಹಾನಿಯಾಗಬಹುದು. ನಿಧಾನವಾಗಿ ಕಟ್ಟಿದ ನಾಳ ನೋವನ್ನೇ ಕೊಡದಿರಬಹುದು.

ಆರೋಗ್ಯವಂತರಿಗೆ ಈ ಪರೀಕ್ಷೆ ಏಕೆ ಬೇಡ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ರೋಗಲಕ್ಷಣವಿಲ್ಲದ 1,00,000 ಜನರಲ್ಲಿ 10 ಮಂದಿಗೆ ಮೇದೋಜೀರಕದ ಕ್ಯಾನ್ಸರ್ ಇದೆಯೆಂದು ಭಾವಿಸೋಣ. ಪರೀಕ್ಷೆ ಅವರಲ್ಲಿ 8 ಮಂದಿಯನ್ನು ಹಿಡಿಯಲಿ. ರೋಗವಿಲ್ಲದ ನೂರರಲ್ಲಿ 5 ಮಂದಿಗೆ ಮಾತ್ರ ತಪ್ಪು ಎಚ್ಚರಿಕೆ ಕೊಡಲಿ. ಆಗ ಎಚ್ಚರಿಕೆ ಪಡೆದವರು ಸುಮಾರು 5,008. ರೋಗವಿರುವವರು ಅವರಲ್ಲಿ ಕೇವಲ 8. ಇನ್ನೊಂದು ಕಡೆ, ಲೂಯಿಸ್ ರಕ್ತಗುಂಪಿನ ದೃಷ್ಟಿಯಿಂದ ಋಣಾತ್ಮಕರಾದ ಕೆಲವರ ದೇಹ ಸಿಎ 19-9 ತಯಾರಿಸುವುದೇ ಇಲ್ಲ. ಅವರಿಗೆ ಕ್ಯಾನ್ಸರ್ ಇದ್ದರೂ ಅಂಕಿ ಏರದು. ಅಂದರೆ ಹೆಚ್ಚಿನ ಅಂಕಿ ರೋಗವನ್ನು ಸಾಬೀತುಪಡಿಸದು, ಕಡಿಮೆ ಅಂಕಿ ಅಭಯವನ್ನೂ ಕೊಡದು. ಇದೇ ಜಾತಿಯ ಸಿಎ 125 ಅನ್ನು ಅಂಡಾಶಯದ ಕ್ಯಾನ್ಸರ್ ತಪಾಸಣೆಗೆ ಬಳಸಿ, 2 ಲಕ್ಷಕ್ಕೂ ಹೆಚ್ಚು ಮಹಿಳೆಯರು ಪಾಲ್ಗೊಂಡ ಅಧ್ಯಯನವೊಂದು ಬ್ರಿಟನ್ನಿನಲ್ಲಿ ನಡೆಯಿತು. ತಪಾಸಣೆಯಿಂದ ಸಾವು ತಗ್ಗಲಿಲ್ಲವೆಂದು 2021ರಲ್ಲಿ ಅದು ಪ್ರಕಟಿಸಿತು.

ವೈದ್ಯ ಸಾಹಿತ್ಯವನ್ನೂ ಒರೆಗೆ ಹಚ್ಚಬೇಕು. ಊದಿದ ಮೂತ್ರಪಿಂಡ ಮತ್ತು ಸಿಎ 19-9ರ ನಂಟನ್ನು ತಿಳಿಸುವ ಬರಹಗಳಲ್ಲಿ ಒಬ್ಬಿಬ್ಬರು ರೋಗಿಗಳ ವರದಿಗಳೇ ಬಹಳ. ಅಚ್ಚರಿಯ ಅಂಕಿ ಕಂಡಾಗಲೇ ಅಂಥವು ಅಚ್ಚಾಗುತ್ತವೆ. ಅವು ‘ಹೀಗೂ ಆಗಬಹುದು’ ಎಂದು ತೋರಿಸುತ್ತವೆಯೇ ಹೊರತು ‘ನೂರರಲ್ಲಿ ಇಷ್ಟು ಮಂದಿಗೆ ಆಗುತ್ತದೆ’ ಎಂದು ಹೇಳಲಾರವು. ಆದ್ದರಿಂದ ‘ಕಿಡ್ನಿ ಊದಿದೆ, ಅಂಕಿ ಏರಿದ್ದು ಅದಕ್ಕೇ’ ಎಂದು ಕೈತೊಳೆದುಕೊಳ್ಳುವುದೂ ಅವಸರವೇ. ಮೂತ್ರನಾಳದ ಕ್ಯಾನ್ಸರ್ ಕೂಡ ನಾಳವನ್ನು ಕಟ್ಟಿಸಿ, ಮೂತ್ರಪಿಂಡವನ್ನು ಊದಿಸಿ, ಸಿಎ 19-9ನ್ನು ಏರಿಸಬಲ್ಲದು.

ಹಾಗಾದರೆ ಸರಿಯಾದ ಕ್ರಮ ಯಾವುದು? ಸ್ಕ್ಯಾನ್ ಮೂಲಕ ತಡೆ ಎಲ್ಲಿದೆ, ಏಕಿದೆ ಎಂದು ನೋಡುವುದು. ಮೂತ್ರದಲ್ಲಿ ರಕ್ತವಿದ್ದರೆ ಅದನ್ನು ಗಂಭೀರವಾಗಿ ಪರಿಗಣಿಸುವುದು. ಸ್ಟೆಂಟ್ ಹಾಕಿಯೋ, ಬೆನ್ನಿನ ಕಡೆಯಿಂದ ಕೊಳವೆ ಇಳಿಸಿಯೋ ಮೂತ್ರಕ್ಕೆ ದಾರಿ ಮಾಡಿಕೊಡುವುದು. ಕೆಲವು ವಾರಗಳ ನಂತರ ಅದೇ ಪ್ರಯೋಗಾಲಯದಲ್ಲಿ ಅದೇ ವಿಧಾನದಿಂದ ಮತ್ತೆ ಅಳೆಯುವುದು. ಅಂಕಿ ಇಳಿದರೆ ಸಮಾಧಾನಕ್ಕೆ ಕಾರಣವಿದೆ. ಇಳಿಯದಿದ್ದರೆ ಹುಡುಕಾಟ ಮುಂದುವರಿಯಬೇಕು.

ಪ್ರಯೋಗಾಲಯಗಳು ವರದಿಯ ಕೆಳಗೆ ಕನ್ನಡದಲ್ಲಿ ಒಂದು ವಾಕ್ಯ ಸೇರಿಸಿದರೆ ಬಹುಪಾಲು ಗಾಬರಿ ತಪ್ಪುತ್ತದೆ: ‘ಕಾಮಾಲೆ, ಮೇದೋಜೀರಕದ ಉರಿಯೂತ, ಮೂತ್ರ ಕಟ್ಟಿದ ಮೂತ್ರಪಿಂಡ ಇವುಗಳಲ್ಲೂ ಈ ಅಂಕಿ ಏರಬಹುದು, ಇದೊಂದರಿಂದಲೇ ಕ್ಯಾನ್ಸರ್ ಎಂದು ನಿರ್ಧರಿಸುವಂತಿಲ್ಲ.’ ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ, ಒಂದು ಸಾಲಿನಷ್ಟು ಶಾಯಿ ಸಾಕು.