ಕಾಫ್ಕಾನ ಕೋಟೆ ಪ್ರಾಗ್‌ನಲ್ಲಿಲ್ಲ

ನನ್ನ ಪಿಎಚ್‌.ಡಿ. ಪ್ರಬಂಧದ ಎರಡನೇ ಅಧ್ಯಾಯದ ಕರಡಿನಲ್ಲಿ ಒಂದು ವಾಕ್ಯವಿತ್ತು. ಫ್ರಾಂಝ್ ಕಾಫ್ಕಾನ ‘ದಿ ಕ್ಯಾಸಲ್’ ಕಾದಂಬರಿಗೆ ಪ್ರಾಗ್ ನಗರದ ಗುಡ್ಡದ ಮೇಲಿನ ಕೋಟೆಯೇ ಮಾದರಿ ಎಂದು ಅದು ಹೇಳುತ್ತಿತ್ತು. ಅದಕ್ಕೆ ಆಧಾರವೇನು ಎಂದು ಯಾರಾದರೂ ಕೇಳಿದ್ದರೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಕೆಲವು ಸಂಗತಿಗಳು ಎಲ್ಲರ ಬಾಯಲ್ಲಿ ಓಡಾಡಿಯೇ ಸತ್ಯವಾಗಿಬಿಡುತ್ತವೆ. ಇದೂ ಹಾಗೆ ನನ್ನ ಕರಡಿಗೆ ನುಸುಳಿತ್ತು. ಕಳೆದ ನವೆಂಬರಿನಲ್ಲಿ ಜರ್ಮನಿಯ ಒಂದು ವಿಚಾರಸಂಕಿರಣಕ್ಕೆ ಹೋದವಳು ಎರಡು ದಿನ ಉಳಿಸಿಕೊಂಡು ಪ್ರಾಗ್‌ಗೆ ಹೋದೆ. ಕಾದಂಬರಿಯ ಕೋಟೆಯನ್ನು ಕಣ್ಣಾರೆ ನೋಡಿಬಿಡಬೇಕು ಎಂಬ ಆಸೆ. ಹಿಂದಿರುಗಿದ ಮೇಲೆ ಆ ವಾಕ್ಯವನ್ನು ಹೊಡೆದುಹಾಕಿದೆ. ಯಾಕೆ ಎಂದು ಹೇಳುವುದು ಈ ಬರಹದ ಉದ್ದೇಶ.

ವ್ಲ್ತಾವಾ ನದಿಯ ಮೇಲಿನ ಚಾರ್ಲ್ಸ್ ಸೇತುವೆಯಿಂದ ನೋಡಿದರೆ ಪ್ರಾಗ್ ಕೋಟೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಸುಮಾರು 570 ಮೀಟರ್ ಉದ್ದಕ್ಕೆ ಗುಡ್ಡದ ನೆತ್ತಿಯನ್ನೆಲ್ಲ ಆವರಿಸಿ ಕುಳಿತ ಅರಮನೆಗಳು, ಅವುಗಳ ನಡುವಿನಿಂದ ಎದ್ದ ಸಂತ ವಿಟಸ್ ಕೆಥೆಡ್ರಲ್‌ನ ಗೋಪುರಗಳು. ಊರಿನ ಯಾವ ಗಲ್ಲಿಯಿಂದ ಹೊರಬಂದರೂ ಅದು ನಿಮ್ಮನ್ನು ನೋಡುತ್ತಿರುತ್ತದೆ. ಕಾಫ್ಕಾ ಹುಟ್ಟಿ ಬೆಳೆದದ್ದು ಇದೇ ನೋಟದ ಕೆಳಗೆ. ಹಾಗಾಗಿ ಕಾದಂಬರಿಯ ಕೋಟೆ ಇದೇ ಇರಬೇಕು ಎಂದು ಅನ್ನಿಸುವುದು ಸಹಜ.

ಆದರೆ ಕಾದಂಬರಿಯನ್ನು ಮತ್ತೆ ತೆರೆದು ನೋಡಿದರೆ ಕಾಣುವುದೇ ಬೇರೆ. ಕೆ. ಎಂಬ ಭೂಮಾಪಕ ರಾತ್ರಿ ಹೊತ್ತು ಹಿಮದಲ್ಲಿ ಮುಳುಗಿದ ಹಳ್ಳಿಯೊಂದಕ್ಕೆ ಬರುತ್ತಾನೆ. ಮರದ ಸೇತುವೆಯ ಮೇಲೆ ನಿಂತು ತಲೆಯೆತ್ತುತ್ತಾನೆ. ಮಂಜು, ಕತ್ತಲೆ ಬಿಟ್ಟರೆ ಅಲ್ಲಿ ಏನೂ ಇಲ್ಲ. ಮಾರನೆಯ ಬೆಳಿಗ್ಗೆ ಕೋಟೆ ಕಾಣುತ್ತದೆ, ಆದರೆ ನಿರಾಶೆ ಹುಟ್ಟಿಸುವ ಹಾಗೆ. ಅದು ವೀರಯೋಧರ ಕಾಲದ ಹಳೆಯ ಕೋಟೆಯೂ ಅಲ್ಲ, ಹೊಸ ವೈಭವದ ಕಟ್ಟಡವೂ ಅಲ್ಲ. ಒಂದಕ್ಕೊಂದು ಒತ್ತಿಕೊಂಡ ತಗ್ಗು ಮನೆಗಳ ಗುಂಪು, ಬಣ್ಣ ಉದುರಿದ ಕಲ್ಲು, ಕಾಗೆಗಳು ಸುತ್ತುವ ಒಂದೇ ಒಂದು ಗೋಪುರ. ಕೋಟೆ ಎಂದು ಮೊದಲೇ ಗೊತ್ತಿಲ್ಲದಿದ್ದರೆ ಇದೊಂದು ಪುಟ್ಟ ಊರು ಎಂದುಕೊಳ್ಳಬಹುದಿತ್ತು ಎಂದು ಕೆ.ಗೆ ಅನ್ನಿಸುತ್ತದೆ. ಪ್ರಾಗ್‌ನ ಕೋಟೆಯ ಎದುರು ನಿಂತ ಯಾರಿಗೂ ಈ ಅನುಮಾನ ಬರಲಾರದು.

ಇನ್ನೊಂದು ಸಂಗತಿ ಕಾಲದ್ದು. ಕಾಫ್ಕಾ ಈ ಕಾದಂಬರಿಯನ್ನು ಬರೆದದ್ದು 1922ರಲ್ಲಿ. ಅಷ್ಟು ಹೊತ್ತಿಗೆ ಹಾಬ್ಸ್‌ಬರ್ಗ್ ಸಾಮ್ರಾಜ್ಯ ಮುಗಿದು ನಾಲ್ಕು ವರ್ಷವಾಗಿತ್ತು. ಗುಡ್ಡದ ಮೇಲಿನ ಕೋಟೆಯಲ್ಲಿ ಇದ್ದದ್ದು ತತ್ತ್ವಶಾಸ್ತ್ರದ ಪ್ರೊಫೆಸರ್ ಆಗಿದ್ದ ಅಧ್ಯಕ್ಷ ಮಸಾರಿಕ್. ಆ ಜಾಗವನ್ನು ಹೊಸ ಗಣರಾಜ್ಯಕ್ಕೆ ಒಪ್ಪುವಂತೆ ತಿದ್ದಲು ಸ್ಲೊವೇನಿಯಾದ ವಾಸ್ತುಶಿಲ್ಪಿ ಯೋಝೆ ಪ್ಲೆಚ್ನಿಕ್ 1920ರಲ್ಲೇ ನೇಮಕವಾಗಿದ್ದ. ಕೆಥೆಡ್ರಲ್ ಕೂಡ ಕಾಫ್ಕಾ ಕಂಡಾಗ ಅಪೂರ್ಣವಾಗಿಯೇ ಇತ್ತು. 1344ರಲ್ಲಿ ಆರಂಭವಾದ ಕೆಲಸ ಮುಗಿದದ್ದು 1929ರಲ್ಲಿ, ಅವನು ತೀರಿಕೊಂಡ ಐದು ವರ್ಷಗಳ ನಂತರ. ನಾವು ಸೇತುವೆಯ ಮೇಲಿಂದ ನೋಡಿ ದೂರದ, ನಿರ್ದಯ ಸಾಮ್ರಾಜ್ಯಶಾಹಿ ಎಂದುಕೊಳ್ಳುವ ದೃಶ್ಯ ಅವನ ಕಾಲದಲ್ಲಿ ಇನ್ನೂ ಕಟ್ಟುತ್ತಿದ್ದ, ತಿದ್ದುತ್ತಿದ್ದ ಜಾಗವಾಗಿತ್ತು.

ಮೊದಲ ದಿನ 22ನೇ ನಂಬರಿನ ಟ್ರಾಮ್ ಹಿಡಿದು ಕೋಟೆಗೆ ಹೋದೆ. ಅಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಅದರ ಸಲೀಸು. ಚೀಲ ತಪಾಸಣೆ, ಟಿಕೆಟ್, ಬಾಣದ ಗುರುತುಗಳು. ಕುದುರೆ ಸವಾರರು ಜಗಟ್ಟಿಗೆ ನೇರ ಏರಿ ಬರಲೆಂದು ಮಾಡಿದ ಅಗಲ ಮೆಟ್ಟಿಲು, 62 ಮೀಟರ್ ಉದ್ದದ ವ್ಲಾದಿಸ್ಲಾವ್ ಸಭಾಂಗಣ, ಅದರ ಪಕ್ಕದ ಕೋಣೆಯಲ್ಲಿ 1618ರಲ್ಲಿ ಚಕ್ರವರ್ತಿಯ ಇಬ್ಬರು ಪ್ರತಿನಿಧಿಗಳನ್ನೂ ಒಬ್ಬ ಕಾರ್ಯದರ್ಶಿಯನ್ನೂ ಹೊರಗೆಸೆದ ಕಿಟಕಿ. ಮೂವರೂ ಬದುಕುಳಿದರು, ಯುರೋಪು ಮಾತ್ರ ಮೂವತ್ತು ವರ್ಷ ಯುದ್ಧದಲ್ಲಿ ಬೆಂದಿತು. ಎಲ್ಲವನ್ನೂ ಎರಡೂವರೆ ಗಂಟೆಯಲ್ಲಿ ನೋಡಿ ಮುಗಿಸಿದೆ. ಕೆ. ಇಡೀ ಕಾದಂಬರಿಯುದ್ದಕ್ಕೂ ಹೆಣಗಾಡಿ ಮಾಡಲಾಗದ್ದನ್ನು ನಾನು ಊಟದ ಹೊತ್ತಿಗೆ ಮುಂಚೆ ಮಾಡಿದ್ದೆ.

ಕೋಟೆಯ ಒಳಗೇ ‘ಚಿನ್ನದ ಗಲ್ಲಿ’ ಎಂಬ ಪುಟ್ಟ ಬೀದಿಯಿದೆ. ಗೋಡೆಗೆ ಅಂಟಿಕೊಂಡ ಗೂಡಿನಂಥ ಮನೆಗಳು. ಅಲ್ಲಿನ 22ನೇ ನಂಬರಿನ ಮನೆಯನ್ನು ಕಾಫ್ಕಾನ ತಂಗಿ ಒಟ್ಲಾ ಬಾಡಿಗೆಗೆ ಹಿಡಿದಿದ್ದಳು. 1916-17ರ ಚಳಿಗಾಲದಲ್ಲಿ ಅವನು ಕಚೇರಿ ಮುಗಿಸಿ ಸಂಜೆ ಅಲ್ಲಿಗೆ ಬಂದು ಬರೆಯುತ್ತಿದ್ದ. ‘ಎ ಕಂಟ್ರಿ ಡಾಕ್ಟರ್’ ಸಂಕಲನದ ಹಲವು ಕತೆಗಳು ಆ ಚಳಿಗಾಲದವು. ಅಂದರೆ ಕಾಫ್ಕಾ ಈ ಕೋಟೆಯ ಹೊರಗಿನವನಾಗಿರಲಿಲ್ಲ. ಅದರ ಗೋಡೆಯೊಳಗೇ ಕುಳಿತು ಬರೆದು, ರಾತ್ರಿ ಮೆಟ್ಟಿಲಿಳಿದು ಮನೆಗೆ ಹೋಗುತ್ತಿದ್ದವನು. ತಲುಪಲಾಗದ ಕೋಟೆಯ ಕತೆಯನ್ನು ಅವನು ಶುರುಮಾಡಿದ್ದು ಐದು ವರ್ಷಗಳ ನಂತರ, ಪ್ರಾಗ್‌ನಿಂದ ದೂರದ ಬೆಟ್ಟದೂರಿನ ಹಿಮದಲ್ಲಿ, ಕ್ಷಯದಿಂದ ಚೇತರಿಸಿಕೊಳ್ಳಲು ಹೋಗಿದ್ದಾಗ. ಕೋಟೆಯೊಳಗೆ ಕುಳಿತವನಿಗೆ ಕೋಟೆಯ ಕಾದಂಬರಿ ಬೇಕಾಗಿರಲಿಲ್ಲ ಎಂದು ನನಗೆ ತೋರುತ್ತದೆ.

ಭಾಷೆಯೂ ಇದನ್ನೇ ಹೇಳುತ್ತದೆ. ಚೆಕ್ ಭಾಷೆಯಲ್ಲಿ ಪ್ರಾಗ್‌ನ ಕೋಟೆ ‘ಹ್ರಾದ್’, ಅಂದರೆ ರಕ್ಷಣೆಯ ಗೋಡೆಗಳಿರುವ ಕೋಟೆ. ಕಾಫ್ಕಾನ ಕಾದಂಬರಿಯ ಚೆಕ್ ಹೆಸರು ‘ಝಾಮೆಕ್’, ಶ್ರೀಮಂತ ದೊರೆಯ ಬಂಗಲೆಯಂಥದ್ದು. ಮೂಲದ ಜರ್ಮನ್ ಪದ ‘ಶ್ಲಾಸ್’. ವಿಶೇಷವೆಂದರೆ ‘ಶ್ಲಾಸ್’ಗೂ ‘ಝಾಮೆಕ್’ಗೂ ಇನ್ನೊಂದು ಅರ್ಥವಿದೆ: ಬೀಗ. ಕನ್ನಡದಲ್ಲಿ ನಾವು ‘ಕೋಟೆ’ ಎಂದ ಕೂಡಲೇ ಮನಸ್ಸಿಗೆ ಬರುವುದು ಚಿತ್ರದುರ್ಗದ ಏಳು ಸುತ್ತು. ಆ ಕಲ್ಪನೆಯಲ್ಲಿ ಮುತ್ತಿಗೆ ಇದೆ, ಕಿಂಡಿಯಿದೆ, ಒನಕೆ ಹಿಡಿದು ಕಾಯುವವಳಿದ್ದಾಳೆ. ಕೆ.ಯ ಎದುರು ಒಡೆಯಲು ಗೋಡೆಯೇ ಇಲ್ಲ. ನಮ್ಮಲ್ಲಿ ಅವನ ಕೋಟೆಗೆ ಹತ್ತಿರದ ಪದ ‘ದುರ್ಗ’ವೇ ಇರಬೇಕು. ಶತ್ರುವನ್ನು ತಡೆಯುವ ಕಟ್ಟಡ ಎಂಬ ಅರ್ಥದಲ್ಲಲ್ಲ, ಆ ಪದದ ಮೂಲದಲ್ಲಿರುವ ಅರ್ಥದಲ್ಲಿ: ಹೋಗಲು ಕಷ್ಟವಾದದ್ದು.

ಯಾಕೆ ಕಷ್ಟ? ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಹಳ್ಳಿಯ ಮುಖ್ಯ ಬೀದಿ ಕೋಟೆಯ ಕಡೆಗೆ ಹೋಗುವಂತೆ ಕಾಣುತ್ತದೆ, ಹತ್ತಿರ ಹತ್ತಿರ ಬರುತ್ತದೆ, ಆಮೇಲೆ ಬೇಕೆಂದೇ ಮಾಡಿದ ಹಾಗೆ ಪಕ್ಕಕ್ಕೆ ತಿರುಗಿಬಿಡುತ್ತದೆ. ದೂರವೂ ಹೆಚ್ಚುವುದಿಲ್ಲ, ಹತ್ತಿರವೂ ಆಗುವುದಿಲ್ಲ. ಮುಂದೆ ಕಡತಗಳೂ ಹೀಗೇ ವರ್ತಿಸುತ್ತವೆ. ಭೂಮಾಪಕ ಬೇಕೋ ಬೇಡವೋ ಎಂಬ ಹಳೆಯ ಆದೇಶವೊಂದು ತಪ್ಪು ವಿಭಾಗಕ್ಕೆ ಹೋಗಿ ವರ್ಷಗಟ್ಟಲೆ ಸುತ್ತಿದ ಕತೆಯನ್ನು ಹಳ್ಳಿಯ ಮುಖ್ಯಸ್ಥ ತಾಳ್ಮೆಯಿಂದ ವಿವರಿಸುತ್ತಾನೆ.  ನನ್ನ ಸಂಶೋಧನಾ ವೇತನದ ಕಡತವೂ ಒಮ್ಮೆ ಏಳು ತಿಂಗಳು ಹೀಗೇ ಸುತ್ತಿತ್ತು. ಪ್ರತಿ ಮೇಜಿನಲ್ಲೂ ಸೌಜನ್ಯವಿತ್ತು, ಕೂರಲು ಕುರ್ಚಿಯಿತ್ತು, ಮುಂದಿನ ಮೇಜಿನ ಹೆಸರಿತ್ತು. ಆ ಅನುಭವದಿಂದಲೇ ನಾನು ಈ ಕಾದಂಬರಿಯನ್ನು ಅಧಿಕಾರಶಾಹಿಯ ವಿಡಂಬನೆ ಎಂದು ಬಹುಕಾಲ ಓದಿದ್ದೆ.

ಎರಡನೇ ದಿನ ನಗರದ ಇನ್ನೊಂದು ಕೋಟೆಗೆ, ವಿಶೆಹ್ರಾದ್‌ಗೆ ಹೋದೆ. ಮೆಟ್ರೋ ಇಳಿದು ಹತ್ತು ನಿಮಿಷದ ನಡಿಗೆ. ಹನ್ನೊಂದನೇ ಶತಮಾನದಲ್ಲಿ ಬೊಹೀಮಿಯಾದ ಅರಸರು ಕೆಲಕಾಲ ಇಲ್ಲಿಂದ ಆಳಿದರು. 1420ರಲ್ಲಿ ಹುಸ್ಸೈಟರು ಅದನ್ನು ಹಾಳುಗೆಡವಿದರು. ಈಗ ಉಳಿದಿರುವುದು ನಂತರದ ಇಟ್ಟಿಗೆಯ ಕೊತ್ತಲಗಳು, ಒಂದು ಪುಟ್ಟ ಹಳೆಯ ರೊಟುಂಡಾ, ಸ್ಮೆಟಾನಾ, ಡ್ವೊರ್ಝಾಕ್, ಕಾರೆಲ್ ಚಾಪೆಕ್ ಮಲಗಿರುವ ಸ್ಮಶಾನ. ಜನ ನಾಯಿ ಹಿಡಿದು ವಾಯುವಿಹಾರಕ್ಕೆ ಬರುತ್ತಾರೆ. ಕೊತ್ತಲದ ಮೇಲೆ ನಿಂತು ಉತ್ತರಕ್ಕೆ ನೋಡಿದೆ. ನಿನ್ನೆ ಒಳಗೆಲ್ಲ ಸುತ್ತಿದ್ದ ಕೋಟೆ ನದಿಯ ಆಚೆ ಮಂಜಿನಲ್ಲಿ ಅರ್ಧ ಕರಗಿತ್ತು. ಆಗಲೇ ನನಗೆ ಮತ್ತೆ ಅಲ್ಲಿಗೆ ಹೋಗಬೇಕು ಅನ್ನಿಸಿದ್ದು. ಒಳಗಿದ್ದಾಗ ಒಮ್ಮೆಯೂ ಹಾಗೆ ಅನ್ನಿಸಿರಲಿಲ್ಲ.

ಕಾದಂಬರಿಯನ್ನು ಓದುವವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, ಅದನ್ನು ಭೂಪಟದಲ್ಲಿ ಹುಡುಕುವುದು. ಪ್ರಾಗ್ ಅಲ್ಲದಿದ್ದರೆ ಕಾಫ್ಕಾನ ತಂದೆಯ ಹಳ್ಳಿಯಾದ ಓಸೆಕ್, ಅದೂ ಅಲ್ಲದಿದ್ದರೆ ಅವನು ಕಚೇರಿ ಕೆಲಸಕ್ಕೆ ಹೋಗಿದ್ದ ಫ್ರಿಡ್ಲಾಂಟ್. ಇನ್ನೊಂದು, ಅದಕ್ಕೆ ಅರ್ಥ ಹಚ್ಚುವುದು. 1926ರಲ್ಲಿ ಕಾದಂಬರಿಯನ್ನು ಪ್ರಕಟಿಸಿದ ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಅದು ದೈವಕೃಪೆ, ನನ್ನಂಥವರಿಗೆ ಸರ್ಕಾರಿ ಕಚೇರಿ. ಎರಡೂ ದಾರಿಗಳಲ್ಲಿ ನಾವು ಕೋಟೆಯನ್ನು ತಲುಪಿಬಿಟ್ಟಿರುತ್ತೇವೆ. ಕೆ.ಗೆ ಸಿಗದ ಟಿಕೆಟ್ಟನ್ನು ನಾವೇ ಕೊಂಡುಕೊಂಡಿರುತ್ತೇವೆ. ಆದರೆ ಕಾದಂಬರಿ ಕಟ್ಟಿಕೊಡುವುದು ಕೋಟೆಯನ್ನಲ್ಲ, ಕೋಟೆಗೂ ಕೆ.ಗೂ ನಡುವಿನ ದೂರವನ್ನು. ಕೊನೆಯ ಭಾಗದಲ್ಲಿ ಬ್ಯುರ್ಗೆಲ್ ಎಂಬ ಕಾರ್ಯದರ್ಶಿಯ ಕೋಣೆಗೆ ಕೆ. ತಪ್ಪಿ ಹೋಗುತ್ತಾನೆ. ಹೀಗೆ ಅಕಸ್ಮಾತ್ ರಾತ್ರಿ ಬಂದವನ ಕೋರಿಕೆಯನ್ನು ತಾವು ನಿರಾಕರಿಸಲಾರೆವು ಎಂದು ಬ್ಯುರ್ಗೆಲ್ ಬಾಯಿಬಿಟ್ಟು ಹೇಳುತ್ತಿರುವಾಗಲೇ ಕೆ. ದಣಿದು ನಿದ್ದೆಹೋಗಿರುತ್ತಾನೆ. ಬಾಗಿಲು ತೆರೆದಾಗ ಮೈ ಸೋತಿರುತ್ತದೆ. ಇದನ್ನು ಬರೀ ಕಚೇರಿಯ ಕತೆ ಎಂದರೆ ಆ ಸುಸ್ತಿಗೆ ಲೆಕ್ಕವಿಲ್ಲದಾಗುತ್ತದೆ.

ಹಾಗಾದರೆ ಪ್ರಾಗ್‌ಗೆ ಹೋದದ್ದು ವ್ಯರ್ಥವೇ? ಅಲ್ಲ. ಎರಡು ದಿನ ಏರುಬೀದಿಗಳಲ್ಲಿ ನಡೆದು ಮೊಣಕಾಲು ನೋಯಿಸಿಕೊಂಡ ಮೇಲೆ ಹಿಮದಲ್ಲಿ ಕಾಲು ಕೀಳಲಾಗದೆ ನಿಲ್ಲುವ ಕೆ.ಯನ್ನು ನಾನು ಸಂಕೇತವಾಗಿ ಓದುವುದನ್ನು ಬಿಟ್ಟೆ. ಊರು ಕಾದಂಬರಿಗೆ ಕೀಲಿಕೈ ಕೊಡಲಿಲ್ಲ, ಬೀಗ ಎಲ್ಲಿದೆ ಎಂದು ತೋರಿಸಿತು.

ಕರಡಿನಲ್ಲಿ ಆ ವಾಕ್ಯವಿದ್ದ ಜಾಗ ಇನ್ನೂ ಖಾಲಿ ಇದೆ. ಮಾರ್ಗದರ್ಶಕರು ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದ್ದಾರೆ. ಸದ್ಯಕ್ಕೆ ಅದನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ.