ಸೂಜಿಯಿಲ್ಲದೆ ಕೊಡುವ ತೀರ್ಪು

ಕ್ಯಾನ್ಸರ್ ಎಂದರೆ ಬಯಾಪ್ಸಿ ಆಗಲೇಬೇಕು ಎಂಬುದು ಎಲ್ಲರೂ ನಂಬಿದ ಮಾತು. ಲಿವರ್ ಕ್ಯಾನ್ಸರಿಗೆ ಇದರಿಂದ ವಿನಾಯಿತಿ ಇದೆ. ಸಿರೋಸಿಸ್ ಅಥವಾ ದೀರ್ಘಕಾಲದ ಹೆಪಟೈಟಿಸ್ ಬಿ ಇರುವವರಲ್ಲಿ ಸಿಟಿ ಇಲ್ಲವೇ ಎಂಆರ್‌ಐ ಸ್ಪಷ್ಟವಾಗಿ ಹೇಳಿದರೆ ಸೂಜಿ ಚುಚ್ಚದೆಯೇ ಚಿಕಿತ್ಸೆ ಶುರು ಮಾಡಬಹುದು. ಈ ಚಿತ್ರಗಳನ್ನು ಓದಲು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2011ರಲ್ಲಿ ಹೊರತಂದು, 2018ರಲ್ಲಿ ಪರಿಷ್ಕರಿಸಿದ ಪದ್ಧತಿಯೇ ಲೈ-ರಾಡ್ಸ್. ಪದ್ಧತಿ ಗಟ್ಟಿಯಾಗಿದೆ. ನಾವು ಅದನ್ನು ಬಳಸುವ ರೀತಿಯ ಬಗ್ಗೆ ನನಗೆ ತಕರಾರಿದೆ.

ಅದರ ಬಲವಿರುವುದು ರಕ್ತದ ದಾರಿಯಲ್ಲಿ. ಲಿವರಿಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ವೇನ್ ಮೂಲಕ ಬರುತ್ತದೆ, ಉಳಿದ ಕಾಲು ಭಾಗ ಅಪಧಮನಿಯಿಂದ. ಕ್ಯಾನ್ಸರ್ ಗಡ್ಡೆ ಮಾತ್ರ ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ಹೀರಿ ಬೆಳೆಯುತ್ತದೆ. ಹೀಗಾಗಿ ಕೈಯ ನರಕ್ಕೆ ಕಾಂಟ್ರಾಸ್ಟ್ ದ್ರವ ಕೊಟ್ಟು ಸುಮಾರು 35–40 ಸೆಕೆಂಡಿಗೆ ತೆಗೆದ ಚಿತ್ರದಲ್ಲಿ ಗಡ್ಡೆ ಬೆಳ್ಳಗೆ ಹೊಳೆಯುತ್ತದೆ, ಸುತ್ತಲಿನ ಲಿವರ್ ಮಂಕಾಗಿರುತ್ತದೆ. ಒಂದು ನಿಮಿಷದ ಆಚೆ ಲಿವರ್ ಬೆಳ್ಳಗಾಗುತ್ತದೆ, ಗಡ್ಡೆ ಕಪ್ಪಾಗತೊಡಗುತ್ತದೆ. ಕೆಲವು ನಿಮಿಷ ಬಿಟ್ಟು ತೆಗೆದ ಚಿತ್ರದಲ್ಲಿ ಅದರ ಸುತ್ತ ತೆಳ್ಳನೆಯ ಕವಚವೂ ಕಾಣಬಹುದು. ಈ ಲಕ್ಷಣಗಳ ಜೊತೆಗೆ ಗಾತ್ರ ಮತ್ತು ಆರು ತಿಂಗಳೊಳಗಿನ ಬೆಳವಣಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ. ಐದು ಎಂದರೆ ಲಿವರ್ ಕ್ಯಾನ್ಸರೇ ಖಚಿತ. 10 ಮಿಲಿಮೀಟರಿಗಿಂತ ಚಿಕ್ಕ ಗಂಟಿಗೆ ಐದು ಕೊಡುವಂತೆಯೇ ಇಲ್ಲ. ಕ್ಯಾನ್ಸರಿನಂತೆ ಕಂಡರೂ ಲಿವರಿನದೇ ಎನ್ನಲಾಗದಿದ್ದರೆ ‘ಎಂ’ ಎಂಬ ಬೇರೆ ದರ್ಜೆ, ಆಗ ಸಾಮಾನ್ಯವಾಗಿ ಬಯಾಪ್ಸಿ ಬೇಕು. ಈ ಸಂಯಮವನ್ನು ನಾನು ತುಂಬ ಮೆಚ್ಚುತ್ತೇನೆ.

ಇಷ್ಟೆಲ್ಲ ನಿಂತಿರುವುದು ಚಿತ್ರ ತೆಗೆಯುವ ಸಮಯದ, ಅಂದರೆ ಹಂತಗಳ ಮೇಲೆ. ನವಿ ಮುಂಬಯಿಯ ಮಹಾಪೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಪರಿಚಿತರೊಬ್ಬರು ತೋರಿಸಿದ ಸಿಟಿ ವರದಿಯಲ್ಲಿ ಒಂದೇ ಹಂತದ ಚಿತ್ರವಿತ್ತು. ಗಡ್ಡೆ ಇದೆ, ಕ್ಯಾನ್ಸರ್ ಇರಬಹುದು, ವೈದ್ಯರನ್ನು ಕಾಣಿ ಎಂದು ಬರೆದಿತ್ತು. ದರ್ಜೆಯೂ ಇಲ್ಲ, ರೋಗಿಗೆ ಸಿರೋಸಿಸ್ ಇದೆ ಎಂಬ ಒಂದು ಸಾಲೂ ಇಲ್ಲ. ಸ್ಕ್ಯಾನ್ ಮತ್ತೆ ಮಾಡಿಸಬೇಕಾಯಿತು: ಎರಡನೇ ಖರ್ಚು, ಎರಡನೇ ರಜೆ, ಕಿಡ್ನಿಯ ಮೇಲೆ ಎರಡನೇ ಸಲ ಕಾಂಟ್ರಾಸ್ಟಿನ ಭಾರ. ಒಂದೇ ಹಂತದ ಚಿತ್ರದಲ್ಲಿ ಅಳತೆಯೂ ಕೈಕೊಡುತ್ತದೆ. ಅಪಧಮನಿ ಹಂತದಲ್ಲಿ ಗಡ್ಡೆಯ ಸುತ್ತಲಿನ ಭಾಗವೂ ಹೊಳೆದು ಗಾತ್ರ ದೊಡ್ಡದಾಗಿ ಕಾಣಬಹುದು. ಬೇರೆ ಹಂತದಲ್ಲಿ ಅಂಚು ಸ್ಪಷ್ಟವಿದ್ದರೆ ಅಲ್ಲೇ ಅಳೆಯಿರಿ ಎನ್ನುತ್ತದೆ ಲೈ-ರಾಡ್ಸ್. ಲಿವರ್ ಕಸಿಗೆ ಅರ್ಹತೆ ಹೇಳುವ 1996ರ ಮಿಲಾನ್ ಮಾನದಂಡದಲ್ಲಿ ಒಂದೇ ಗಡ್ಡೆಯಾದರೆ 5 ಸೆಂಟಿಮೀಟರಿನವರೆಗೆ, ಮೂರರವರೆಗೆ ಇದ್ದರೆ ಒಂದೊಂದೂ 3 ಸೆಂಟಿಮೀಟರಿನೊಳಗೆ ಇರಬೇಕು. ಅಂಥ ಕಡೆ ಕೆಲವು ಮಿಲಿಮೀಟರುಗಳೇ ಒಬ್ಬರ ಜೀವದ ಪ್ರಶ್ನೆಯಾಗುತ್ತವೆ.

ರೋಗದ ಹಂತವನ್ನು (ಸ್ಟೇಜ್) ಮಾತ್ರ ಚಿತ್ರವೊಂದೇ ಹೇಳಲಾರದು. ಲಿವರ್ ಕ್ಯಾನ್ಸರಿನ ಹಂತ ಹೇಳುವ 1999ರ ಬಾರ್ಸಿಲೋನಾ ವರ್ಗೀಕರಣ ಗಡ್ಡೆಗಳ ಸಂಖ್ಯೆ, ಗಾತ್ರ, ರಕ್ತನಾಳಕ್ಕೆ ನುಗ್ಗಿದೆಯೇ ಎಂಬುದನ್ನು ಸ್ಕ್ಯಾನಿನಿಂದ ಪಡೆಯುತ್ತದೆ; ಬಿಲಿರುಬಿನ್, ಆಲ್ಬುಮಿನ್, ಹೊಟ್ಟೆಯಲ್ಲಿನ ನೀರು, ರೋಗಿ ಎದ್ದು ಓಡಾಡುತ್ತಾನೆಯೇ ಎಂಬುದನ್ನೂ ಕೇಳುತ್ತದೆ. ಚಿಕ್ಕ ಗಡ್ಡೆಯಿದ್ದೂ ಲಿವರ್ ಪೂರ್ತಿ ಸೋತಿದ್ದು ಕಸಿಯ ದಾರಿಯೂ ಇಲ್ಲದಿದ್ದರೆ ಆ ರೋಗಿ ಕೊನೆಯ ಹಂತದಲ್ಲಿದ್ದಾನೆ ಎಂದೇ ಅರ್ಥ. ಫಿಲ್ಮ್ ಹಿಡಿದು ‘ಎಷ್ಟನೇ ಸ್ಟೇಜು?’ ಎಂದು ಸ್ಕ್ಯಾನ್ ಸೆಂಟರಿನಲ್ಲೇ ಕೇಳುವವರಿಗೆ ಇದನ್ನು ಬಿಡಿಸಿ ಹೇಳುವವರು ಬೇಕು.

ಪದ್ಧತಿಯಲ್ಲೂ ಒಂದು ಕೊರತೆಯಿದೆ, ಅದು ನಮ್ಮ ಕಡೆಯವರಿಗೆ ಹತ್ತಿರದ್ದು. ಸಕ್ಕರೆ ಕಾಯಿಲೆ, ಬೊಜ್ಜು, ಫ್ಯಾಟಿ ಲಿವರ್ ಇರುವ ಕೆಲವರಲ್ಲಿ ಸಿರೋಸಿಸ್ ಬರುವ ಮೊದಲೇ ಕ್ಯಾನ್ಸರ್ ಹುಟ್ಟಬಹುದು. ಅವರಿಗೆ ಲೈ-ರಾಡ್ಸ್ ಅನ್ವಯಿಸುವುದಿಲ್ಲ, ಬಯಾಪ್ಸಿಯೇ ಗತಿ. ಸಾಲದ್ದಕ್ಕೆ ದಪ್ಪ ಹೊಟ್ಟೆಯಲ್ಲಿ ಸೋನೋಗ್ರಫಿಯ ಕಣ್ಣೂ ಮಂಜು. ಅದೇ ಮಹಾಪೆಯ ಮಿಲೇನಿಯಂ ಬಿಸಿನೆಸ್ ಪಾರ್ಕಿನ ರಾತ್ರಿ ಪಾಳಿಯ ಹುಡುಗರಿಂದ ಹಿಡಿದು ಗಲ್ಲೆಯಲ್ಲಿ ಕೂತು ದಿನ ಕಳೆಯುವ ನಮ್ಮ ಹೋಟೆಲಿನವರವರೆಗೆ ಫ್ಯಾಟಿ ಲಿವರನ್ನು ಯಾರೂ ಹಗುರವಾಗಿ ಕಾಣಬಾರದು.

ಸಿರೋಸಿಸ್ ಇರುವವರು ಆರು ತಿಂಗಳಿಗೊಮ್ಮೆ ಸೋನೋಗ್ರಫಿ ತಪ್ಪಿಸಬೇಡಿ. ಗಂಟು ಕಂಡರೆ ಮೂರೂ ಹಂತಗಳ ‘ಟ್ರಿಪಲ್ ಫೇಸ್’ ಸ್ಕ್ಯಾನ್ ಎಂದೇ ಚೀಟಿಯಲ್ಲಿ ಬರೆಸಿಕೊಳ್ಳಿ. ಖಾರ್ಘರಿನಲ್ಲಿರುವ ಟಾಟಾ ಸ್ಮಾರಕ ಕ್ಯಾನ್ಸರ್ ಸಂಸ್ಥೆಯ ಆಕ್ಟ್ರೆಕ್‌ಗೆ ಹೋದರೂ, ಪರೇಲಿನ ಟಾಟಾ ಆಸ್ಪತ್ರೆಗೆ ಹೋದರೂ, ಫಿಲ್ಮಿನ ಜೊತೆ ಸಿಡಿಯನ್ನೂ ಹಳೆಯ ವರದಿಗಳನ್ನೂ ತಪ್ಪದೆ ಒಯ್ಯಿರಿ.